ನಾಲ್ಕು ವಾರಗಳ ಗಡುವು

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ಮಾತನ್ನು ಹಿರಿಯರು ಪರಿಹಾಸಕ್ಕಾಗಿ ಬಳಸುತ್ತ ಬಂದಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕವನ್ನು ಬಿಚ್ಚುವ ವಿದ್ಯಾರ್ಥಿ, ಧಾರೆಯ ಮುನ್ನಾದಿನ ವಾಲಗದವರನ್ನು ಹುಡುಕಿಕೊಂಡು ಅಲೆಯುವ ಕನ್ಯಾಪಿತೃ, ಇವರೆಲ್ಲ ಆ ಪರಿಹಾಸಕ್ಕೆ ಗುರಿಯಾದವರೇ. ಆದರೆ ಬಾಳಿನ ಯುದ್ಧಗಳು ಲಗ್ನಪತ್ರಿಕೆಯನ್ನು ಮುಂಚಿತವಾಗಿ ಕಳುಹಿಸಿ ಬರತಕ್ಕವಲ್ಲ. ಕರೆ ಬಂದ ಮೇಲೆ ಉಳಿದಿರುವ ಅಲ್ಪ ಕಾಲದಲ್ಲಿ ಯಾವುದನ್ನು ಗಳಿಸಬಹುದು, ಯಾವುದನ್ನು ಗಳಿಸಲಾಗದು ಎಂಬ ವಿವೇಕವೂ ಒಂದು ಬಗೆಯ ಶಸ್ತ್ರಾಭ್ಯಾಸವೇ ಸರಿ.

ಬೆಂಗಳೂರಿನ ಜಯನಗರದಲ್ಲಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರಿಗೆ 42 ವರ್ಷ. ಬ್ಯಾಂಕಿನಲ್ಲಿ ಉದ್ಯೋಗ. ಒಂದು ಕಾಲದಲ್ಲಿ ದಿನವೂ ಸೈಕಲ್ ತುಳಿದು ಕಚೇರಿಗೆ ಹೋಗುತ್ತಿದ್ದವರು, ಕಾರು ಬಂದ ಮೇಲೆ ಸೈಕಲ್ಲಿಗೆ ಭಾನುವಾರದ ತರಕಾರಿ ಮಾರುಕಟ್ಟೆಯನ್ನಷ್ಟೇ ಉಳಿಸಿದ್ದರು. ಒಂದು ಭಾನುವಾರ ಸಂಜೆ, ಕಾಫಿಯ ಹೊತ್ತಿನಲ್ಲಿ, ಮೈಸೂರಿನಿಂದ ಹೆಂಡತಿಯ ತಮ್ಮ ಫೋನು ಮಾಡಿದ.

"ಭಾವ, ಇವತ್ತಿಗೆ ನಾಲ್ಕನೆಯ ಭಾನುವಾರ ಬೆಂಗಳೂರಿನಲ್ಲಿ 200 ಕಿಲೋಮೀಟರಿನ ಬ್ರೆವೆ ಇದೆ. ಹೆಸರು ಕೊಡುವುದಕ್ಕೆ ಇನ್ನೂ ಅವಕಾಶವುಂಟು. ನಾನೂ ಬರುತ್ತೇನೆ. ನೀವು ಹ್ಞೂಂ ಅಂದುಬಿಡಿ."

ಭಾವನವರು ಹ್ಞೂಂ ಎಂದುಬಿಟ್ಟರು. ಫೋನು ಕೆಳಗಿಟ್ಟ ಮೇಲೆ ಮನೆಯಲ್ಲಿ ವಿಷಯ ಹೊರಬಿತ್ತು. ಸುಮಾರಾಗಿ ಬೆಂಗಳೂರಿನಿಂದ ಚಿತ್ರದುರ್ಗದಷ್ಟು ದೂರ ಎಂದು ಕೇಳಿದ ವೃದ್ಧ ತಾಯಿ, "ಯಾಕೋ ಮಗು, ದುರ್ಗಕ್ಕೆ ಬಸ್ಸು ನಿಂತುಹೋಯಿತೇನೋ?" ಎಂದರು. ಹೆಂಡತಿ ಮಾತ್ರ ನಗಲಿಲ್ಲ.

"ಹೋಗಬೇಡಿ ಅನ್ನುವುದಿಲ್ಲ ರೀ. ಆದರೆ ಆಗದಿದ್ದರೆ ನಡುವೆಯೇ ನಿಲ್ಲಿಸಿ ಬಂದುಬಿಡುತ್ತೇನೆ ಅಂತ ಮಾತು ಕೊಡುತ್ತೀರಾ?"

ಆ ಮಾತು ಕೊಡಲು ಅವರಿಗೆ ಮೂರು ವಾರ ಬೇಕಾಯಿತು.

ಬ್ರೆವೆ ಎಂಬುದು ಪಂದ್ಯವಲ್ಲ. ಅದರಲ್ಲಿ ಮೊದಲನೆಯವನಿಲ್ಲ, ಕೊನೆಯವನೂ ಇಲ್ಲ. 1904ರಲ್ಲಿ ಸ್ಥಾಪಿತವಾದ ಆಡಾಕ್ಸ್ ಕ್ಲಬ್ ಪಾರಿಸಿಯೆನ್ ಎಂಬ ಫ್ರೆಂಚ್ ಸಂಘದ ನಿಯಮಗಳಿಗನುಸಾರವಾಗಿ, ಗೊತ್ತುಪಡಿಸಿದ ದೂರವನ್ನು ಗೊತ್ತುಪಡಿಸಿದ ಅವಧಿಯೊಳಗೆ ತನ್ನ ಕಾಲಿನ ಬಲದಿಂದಲೇ ಮುಗಿಸಿದವರೆಲ್ಲರೂ ಸಮಾನರು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಗಡುವು. ದಾರಿಯಲ್ಲಿ ಕಂಟ್ರೋಲ್ ಎಂಬ ಠಾಣೆಗಳಿರುತ್ತವೆ. ಪ್ರತಿಯೊಂದಕ್ಕೂ ತೆರೆಯುವ ಹೊತ್ತು, ಮುಚ್ಚುವ ಹೊತ್ತು ನಿಗದಿಯಾಗಿರುತ್ತದೆ. ಠಾಣೆಗಳ ನಡುವೆ ಮನೆಯವರು ಕಾರಿನಲ್ಲಿ ಹಿಂಬಾಲಿಸಿ ಉಪಚರಿಸುವಂತಿಲ್ಲ. ಚಕ್ರ ಒಡೆದರೆ ಸವಾರನೇ ಸರಿಪಡಿಸಿಕೊಳ್ಳಬೇಕು.

ಈ ಸವಾರಿಗಳಿಗೆಲ್ಲ ಮೂಲಪುರುಷನಂತಿರುವುದು ಫ್ರಾನ್ಸಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಯಾತ್ರೆ. ರಾಜಧಾನಿಯಿಂದ ಅಟ್ಲಾಂಟಿಕ್ ತೀರದ ಬ್ರೆಸ್ಟ್ ಬಂದರಿಗೆ ಹೋಗಿ ಮರಳುವ, ಸುಮಾರು 1200 ಕಿಲೋಮೀಟರಿನ ದಾರಿ. ಅದು ಹುಟ್ಟಿದ್ದೂ ಅವಸರದಲ್ಲಿಯೇ. 1891ರ ಮೇ ತಿಂಗಳಿನಲ್ಲಿ ಬೋರ್ಡೋ ನಗರದಿಂದ ಪ್ಯಾರಿಸಿಗೆ ಸೈಕಲ್ ಪಂದ್ಯವೊಂದು ನಡೆದು, ಇಂಗ್ಲಿಷರು ಫ್ರೆಂಚರ ನೆಲದಲ್ಲಿಯೇ ಫ್ರೆಂಚರನ್ನು ಹಿಂದೆ ಹಾಕಿದರು. 'ಲ ಪೆತಿ ಜುರ್ನಾಲ್' ಪತ್ರಿಕೆಯ ಪಿಯೆರ್ ಜಿಫಾರ್ ಎಂಬ ಪತ್ರಕರ್ತ ಅದರ ದುಪ್ಪಟ್ಟು ದೂರದ ಹೊಸ ಪಂದ್ಯವನ್ನು ಸಾರಿದ. ಅದು ಫ್ರೆಂಚರಿಗೆ ಮಾತ್ರ. ಸೆಪ್ಟೆಂಬರ್ 6ರ ಬೆಳಗ್ಗೆ ಇನ್ನೂರಕ್ಕೂ ಹೆಚ್ಚು ಮಂದಿ ಪ್ಯಾರಿಸ್ಸಿನಿಂದ ಹೊರಟರು. ಬೋರ್ಡೋ ಪಂದ್ಯ ಮುಗಿದು ನಾಲ್ಕು ತಿಂಗಳೂ ತುಂಬಿರಲಿಲ್ಲ. ಅಷ್ಟು ದೂರವನ್ನು ಒಂದೇ ಉಸಿರಿನಲ್ಲಿ ತುಳಿದ ಅನುಭವವಾಗಲಿ, ತುಳಿದರೆ ದೇಹಕ್ಕೇನಾಗುತ್ತದೆಂಬ ತಿಳಿವಳಿಕೆಯಾಗಲಿ ಅವರಿಗಿದ್ದಿತೆಂದು ಹೇಳುವಂತಿಲ್ಲ.

ಗೆದ್ದವನು ಶಾರ್ಲ್ ತೆರೋನ್, 34 ವರ್ಷದವನು. ಅವನ ಗಾಡಿಗೆ ಹಾಕಿದ್ದುದು ಮಿಷೆಲಿನ್ ಸೋದರರು ಆ ವರ್ಷವೇ ಹೊರತಂದಿದ್ದ, ಚಕ್ರದಿಂದ ಬಿಚ್ಚಿ ತೆಗೆಯಬಹುದಾದ ಗಾಳಿ ಟೈರು. ಅದಕ್ಕೆ ಮೊದಲಿದ್ದ ಗಾಳಿ ಟೈರನ್ನು ಅಂಟು ಹಾಕಿ ಚಕ್ರಕ್ಕೆ ಕೂಡಿಸುತ್ತಿದ್ದುದರಿಂದ, ಪಂಚರಾದರೆ ಬಿಚ್ಚಿ ಮತ್ತೆ ಅಂಟಿಸಿ ಒಣಗಿಸುವುದು ಗಂಟೆಗಳ ಕೆಲಸವಾಗಿತ್ತು. ಹೊಸ ಟೈರು ಒಡೆಯದೆ ಇರುತ್ತಿರಲಿಲ್ಲ. ಒಡೆದರೆ ನಿಮಿಷಗಳಲ್ಲಿ ಸರಿಪಡಿಸಬಹುದಾಗಿತ್ತು. ತೆರೋನನಿಗೂ ದಾರಿಯಲ್ಲಿ ಪಂಚರುಗಳಾದವು. ಬ್ರೆಸ್ಟ್ ಮುಟ್ಟುವಾಗ ಅವನು ಎದುರಾಳಿ ಜೀಲ್-ಲವಾಲನಿಗಿಂತ ಹಿಂದಿದ್ದ. ಮರಳುವ ದಾರಿಯಲ್ಲಿ, ಮೂರನೆಯ ರಾತ್ರಿ, ಜೀಲ್-ಲವಾಲ್ ನಿದ್ದೆಗೆ ಶರಣಾದಾಗ ತೆರೋನ್ ಅವನನ್ನು ದಾಟಿ ನಡೆದ. ಸುಮಾರು 71 ಗಂಟೆಗಳಲ್ಲಿ ಪ್ಯಾರಿಸ್ ಸೇರಿದ. ಹೊರಟವರಲ್ಲಿ ಅರ್ಧದಷ್ಟು ಮಂದಿ ಗುರಿ ಮುಟ್ಟಲೇ ಇಲ್ಲ. ನಿದ್ದೆಗೆಟ್ಟು ತುಳಿಯುವುದನ್ನು ಇಂದು ಯಾವ ಗೃಹಸ್ಥನೂ ಅನುಕರಿಸಬೇಕಾದುದಿಲ್ಲ. ಆದರೆ ಆ ಕಥೆಯಲ್ಲಿ ಗಮನಿಸತಕ್ಕ ಅಂಶವೊಂದುಂಟು. ಗೆಲವನ್ನು ನಿರ್ಧರಿಸಿದ್ದು ತೊಡೆಯ ಬಲವೊಂದೇ ಅಲ್ಲ. ಪಂಚರು ಮತ್ತು ನಿದ್ದೆ ಎಂಬ ಎರಡು ಸಾಮಾನ್ಯ ಸಂಗತಿಗಳೂ ಅದರಲ್ಲಿ ಪಾಲುಗೊಂಡವು.

1931ರಲ್ಲಿ ಅದೇ ಯಾತ್ರೆಯನ್ನು ಆಸ್ಟ್ರೇಲಿಯದ ಹ್ಯೂಬರ್ಟ್ ಆಪರ್ಮನ್ 49 ಗಂಟೆ 23 ನಿಮಿಷಗಳಲ್ಲಿ ಮುಗಿಸಿ ಗೆದ್ದ. ಅದಕ್ಕೆ ಒಂದೂವರೆ ತಿಂಗಳ ಹಿಂದೆಯಷ್ಟೇ ಅವನು ಫ್ರಾನ್ಸಿನ ಸುತ್ತಿನ ಪಂದ್ಯವಾದ ಟೂರ್ ದ ಫ್ರಾನ್ಸನ್ನು ಪೂರೈಸಿದ್ದ. ಒಂದೂವರೆ ತಿಂಗಳಿನಲ್ಲಿ ಇಂಥ ಸಿದ್ಧತೆ ಹೇಗೆ ಸಾಧ್ಯವಾಯಿತೆಂದು ಬೆರಗಾಗುವವರು ಅವನ ಪೂರ್ವಕಥೆಯನ್ನು ನೋಡಬೇಕು. ಬಾಲ್ಯದಿಂದ ಸೈಕಲ್ ತುಳಿದವನು. ಹುಡುಗನಾಗಿದ್ದಾಗ ಅಂಚೆ ಇಲಾಖೆಯ ತಂತಿಗಳನ್ನು ಸೈಕಲ್ಲಿನ ಮೇಲೆ ಮನೆಮನೆಗೆ ಮುಟ್ಟಿಸುತ್ತಿದ್ದವನು. ಮುಂದೆ ಆ ದೇಶದ ಮಂತ್ರಿಯೂ ಆದ. ಅವನು 1931ರಲ್ಲಿ ಖರ್ಚು ಮಾಡಿದ್ದು ಹಲವು ವರ್ಷಗಳಿಂದ ಕೂಡಿಟ್ಟ ಗಂಟನ್ನು.

ಜಯನಗರದ ಗೃಹಸ್ಥರ ಗಂಟು ಬಹುಮಟ್ಟಿಗೆ ಕರಗಿತ್ತು. ಬ್ಯಾಂಕಿನವರಾದ ಕಾರಣ ಅವರಿಗೆ ಅದು ಬೇಗ ತಿಳಿಯಿತು. ಹೃದಯ, ಶ್ವಾಸಕೋಶ, ಸ್ನಾಯುಗಳು ದೀರ್ಘ ದುಡಿಮೆಗೆ ಒಗ್ಗುವುದು ತಿಂಗಳುಗಳ ಮಾತು. ಸ್ನಾಯುವನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜುಗಳು ಇನ್ನೂ ನಿಧಾನ. ಅವಸರಪಟ್ಟು ದಿನವೂ ದಣಿದರೆ ಬಲ ಬರುವುದಿಲ್ಲ, ಮಂಡಿ ಬಾಯುತ್ತದೆ. ಏಕೆಂದರೆ ದೇಹ ಬಲಗೊಳ್ಳುವುದು ದುಡಿಯುವಾಗಲ್ಲ, ದುಡಿದು ವಿಶ್ರಮಿಸುವಾಗ. ಆದ್ದರಿಂದ ನಾಲ್ಕು ವಾರಗಳಲ್ಲಿ ಹೊಸ ದೇಹವನ್ನು ಕಟ್ಟುವ ಆಸೆಯನ್ನು ಬಿಟ್ಟು, ಇರುವ ದೇಹವನ್ನು ಹದಿಮೂರೂವರೆ ಗಂಟೆ ಜಗಳವಿಲ್ಲದೆ ನಡೆಸಿಕೊಳ್ಳುವ ಏರ್ಪಾಡನ್ನು ಮಾಡಬೇಕಾಗಿತ್ತು. ಮೊದಲ ಕೆಲಸವಾಗಿ ಅವರು ವೈದ್ಯರ ಬಳಿಗೆ ಹೋಗಿ ರಕ್ತದೊತ್ತಡವನ್ನೂ ಹೃದಯವನ್ನೂ ಪರೀಕ್ಷಿಸಿಕೊಂಡು ಬಂದರು. ನಲವತ್ತು ದಾಟಿ, ಬಹುಕಾಲ ಕುಳಿತೇ ಕೆಲಸ ಮಾಡಿದವರು ಈ ಹೆಜ್ಜೆಯನ್ನು ಬಿಡಬಾರದು.

ನಾಲ್ಕು ವಾರ ಎಂದರೂ ಅಭ್ಯಾಸಕ್ಕೆ ಒದಗುವ ಭಾನುವಾರಗಳು ಮೂರೇ. ಮೈದುನ ಫೋನಿನಲ್ಲಿಯೇ ಲೆಕ್ಕ ಹಾಕಿಕೊಟ್ಟ: ಮೊದಲ ಭಾನುವಾರ 60 ಕಿಲೋಮೀಟರು, ಎರಡನೆಯದು 90, ಮೂರನೆಯದು 120. ವಾರದ ನಡುವೆ ಎರಡು ಮೂರು ಮುಂಜಾವು ಒಂದೊಂದು ಗಂಟೆ. ಉಳಿದ ದಿನಗಳು ವಿಶ್ರಾಂತಿ. ಜೊತೆಯಲ್ಲಿರುವವನೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ಉಸಿರು ಉಳಿಯಬೇಕು. ಅದಕ್ಕಿಂತ ಜೋರು ಬೇಡ. ಭಾರದ ಗೇರಿನಲ್ಲಿ ಮಂಡಿಯನ್ನು ಹಿಂಡುವ ಬದಲು ಹಗುರ ಗೇರಿನಲ್ಲಿ, ನಿಮಿಷಕ್ಕೆ 80 ಸುತ್ತಿನ ಆಸುಪಾಸಿನಲ್ಲಿ, ಪೆಡಲು ತಿರುಗುತ್ತಿರಬೇಕು.

"ಹಾಗಾದರೆ 200ನ್ನು ಒಮ್ಮೆಯೂ ತುಳಿದು ನೋಡುವುದೇ ಬೇಡವೇನಯ್ಯ?"

"ಬೇಡ ಭಾವ. 120 ನೆಮ್ಮದಿಯಾಗಿ ಮುಗಿದರೆ ಉಳಿದ 80ನ್ನು ಊಟ ಮತ್ತು ತಾಳ್ಮೆ ನೋಡಿಕೊಳ್ಳುತ್ತವೆ."

ಮೊದಲ ಭಾನುವಾರ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಯವರೆಗೆ ಹೋಗಿ ಬಂದರು. ಕಾಲು ನೋಯಲಿಲ್ಲ, ಕೂರುವ ಜಾಗ ನೋಯಿತು. ಇದು ನಗೆಯ ವಿಷಯವಾಗಿ ತೋರಿದರೂ ದೀರ್ಘ ಸವಾರಿಯನ್ನು ಅರ್ಧಕ್ಕೆ ನಿಲ್ಲಿಸುವ ಕಾರಣಗಳಲ್ಲಿ ಮುಖ್ಯವಾದದ್ದು. ಮೆತ್ತೆ ಹೊಲಿದ ಸೈಕಲ್ ಚಡ್ಡಿ, ಉಜ್ಜುವ ಕಡೆಗಳಿಗೆ ಸ್ವಲ್ಪ ವ್ಯಾಸಲೀನು, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಲ್ಲುವ ರೂಢಿ, ಇಷ್ಟರಿಂದ ಬಹುಪಾಲು ತೊಂದರೆ ಕಡಮೆಯಾಗುತ್ತದೆ. ಸೀಟನ್ನು ಮಾತ್ರ ಕೊನೆಯ ವಾರದಲ್ಲಿ ಬದಲಿಸಬಾರದು. ಬೂಟು, ಬಟ್ಟೆ, ತಿಂಡಿ, ಯಾವುದೂ ಆ ದಿನ ಹೊಸದಾಗಿರಬಾರದು.

ಎರಡನೆಯ ಭಾನುವಾರ ಹೊಟ್ಟೆಯ ಪಾಠ. ಬೆಳಗ್ಗೆ ಕಾಫಿಯನ್ನಷ್ಟೇ ಕುಡಿದು ಹೊರಟವರು, ಕನಕಪುರದ ಹತ್ತಿರದವರೆಗೆ ಹೋಗಿ ಮರಳುವಾಗ, ಹಾರೋಹಳ್ಳಿಯ ಬಳಿ ಇದ್ದಕ್ಕಿದ್ದಂತೆ ಕಾಲು ಸೋತು, ಕಣ್ಣು ಮಂಜಾಗಿ, ಕಾರಣವಿಲ್ಲದೆ ಸಿಟ್ಟು ಬಂದು, ರಸ್ತೆಯ ಬದಿಯ ಚಹದಂಗಡಿಯ ಬೆಂಚಿನ ಮೇಲೆ ಕುಸಿದರು. ಅಂಗಡಿಯಾಕೆ ಮುಖವನ್ನು ನೋಡಿ, ಕೇಳುವ ಮೊದಲೇ ಎರಡು ಬಾಳೆಹಣ್ಣನ್ನೂ ಬೆಲ್ಲದ ಚೂರನ್ನೂ ಮುಂದಿಟ್ಟಳು. ಕಾಲು ಗಂಟೆಯಲ್ಲಿ ಲೋಕ ಮತ್ತೆ ಬೆಳಗಾಯಿತು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗಿರುವ ಸಕ್ಕರೆಯ ದಾಸ್ತಾನು ಸುಮಾರು ಅರ್ಧ ಕಿಲೋಗ್ರಾಮಿನಷ್ಟು ಮಾತ್ರ. ಅದು ಮುಗಿಯುವ ಮೊದಲೇ, ಹಸಿವೆಯಾಗುವ ಮೊದಲೇ, ತುಂಬುತ್ತ ಹೋಗಬೇಕು. ಗಂಟೆಗೆ 40ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಸಾಮಾನ್ಯವಾಗಿ ಹಿಡಿಸುತ್ತದೆ. ಒಂದು ದೊಡ್ಡ ಪಚ್ಚಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ದೊರೆಯುತ್ತದೆ. ಇಡ್ಲಿ, ಬೆಲ್ಲ ಸವರಿ ಸುತ್ತಿದ ಚಪಾತಿ, ಕಡಲೆಮಿಠಾಯಿ, ಮಧ್ಯಾಹ್ನಕ್ಕೆ ಮೊಸರನ್ನ, ಇವೆಲ್ಲ ಮನೆಯ ಅಡಿಗೆಮನೆಯೇ ಒದಗಿಸುವ ಪದಾರ್ಥಗಳು. ಎಣ್ಣೆಯಲ್ಲಿ ಕರಿದದ್ದು ಆ ದಿನಕ್ಕೆ ಬೇಡ.

ನೀರಿನದು ಬೇರೊಂದು ಲೆಕ್ಕ. ಬಿಸಿಲಿನಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರು ಹಲವರಿಗೆ ಸಾಕಾದೀತು. ಬಾಯಾರಿಕೆಯೇ ಒಳ್ಳೆಯ ಸೂಚಕ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಅತಿಯಾಗಿ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗಬಹುದು. ಉಪ್ಪು, ಸಕ್ಕರೆ, ನಿಂಬೆಹಣ್ಣಿನ ಪಾನಕ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಒಳ್ಳೆಯ ಸಹಾಯ.

ಆ ರಾತ್ರಿ ಮಗಳು ಪೆನ್ಸಿಲು ಹಿಡಿದು ಕಾಲದ ಲೆಕ್ಕವನ್ನು ಮಾಡಿದಳು. ಗಂಟೆಗೆ 20 ಕಿಲೋಮೀಟರಿನಂತೆ ತುಳಿದರೆ 200ಕ್ಕೆ 10 ಗಂಟೆ. ನಿಲ್ಲುವುದಕ್ಕೆ ಮೂರೂವರೆ ಗಂಟೆ ಉಳಿಯುತ್ತದೆ. 18ರಂತೆ ತುಳಿದರೆ 11 ಗಂಟೆ ದಾಟಿ, ಉಳಿಯುವುದು ಎರಡೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು.

"ಅಪ್ಪ, ನೀವು ಜೋರಾಗಿ ಹೋಗುವುದೇನೂ ಬೇಡ. ಕಾಫಿ ಕುಡಿಯುವ ಕಡೆ ಪತ್ರಿಕೆ ಓದುತ್ತ ಕೂರಬೇಡಿ, ಅಷ್ಟೆ."

ಹುಡುಗಿಯ ಮಾತು ಅನುಭವಿಗಳ ಮಾತೇ ಆಗಿತ್ತು. ಏಳು ಕಡೆಗಳಲ್ಲಿ ಹತ್ತು ಹತ್ತು ನಿಮಿಷ ಹೆಚ್ಚಾಗಿ ಕುಳಿತರೆ ಒಂದು ಗಂಟೆಯ ಮೇಲೆ ಹತ್ತು ನಿಮಿಷ ಹೋಯಿತು. ದಣಿದ ಕಾಲಿನಿಂದ ಅದನ್ನು ರಸ್ತೆಯಲ್ಲಿ ಮರಳಿ ಸಂಪಾದಿಸುವುದು ಬಹು ಕಷ್ಟ.

ಮೂರನೆಯ ಭಾನುವಾರ 120. ಮರಳುವ ದಾರಿಯಲ್ಲಿ, 80 ಕಿಲೋಮೀಟರು ಮುಗಿದಾಗ, ಬಲಮಂಡಿಯ ಮುಂಭಾಗದಲ್ಲಿ ಸಣ್ಣದಾಗಿ ನೋವು ಕಾಣಿಸಿತು. ಗೃಹಸ್ಥರು ಅದನ್ನು ಕಾಣದವರಂತೆ ನಟಿಸಿದರು. ಯಾರಿಗೂ ಹೇಳುವುದು ಬೇಡ, ಇನ್ನೊಂದು ವಾರದಲ್ಲಿ ತಾನಾಗಿ ಹೋದೀತು ಎಂದು ಮನಸ್ಸು ಸಮಾಧಾನ ಹೇಳಿತು. ಐದು ಕಿಲೋಮೀಟರಿನಲ್ಲಿ ನೋವು ದೊಡ್ಡದಾಯಿತು. ಆಗ ಅವರಿಗೆ ಹೆಂಡತಿಯ ಪ್ರಶ್ನೆ ನೆನಪಾಯಿತು. ಆಕೆ ಶಂಕಿಸಿದ್ದು ಗಂಡನ ಕಾಲಿನ ಬಲವನ್ನಲ್ಲ, ಇದೇ ನಟನೆಯನ್ನು.

ಹೊಂಗೆಯ ಮರದ ನೆರಳಿನಲ್ಲಿ ಇಳಿದು ನೋಡಿದರೆ ಸೀಟಿನ ತಿರುಪು ಸಡಿಲಗೊಂಡು, ಸೀಟು ಎರಡು ಬೆರಳಿನಷ್ಟು ಕೆಳಗೆ ಜಾರಿತ್ತು. ಸೀಟು ತಗ್ಗಾದರೆ ಮಂಡಿ ಅತಿಯಾಗಿ ಮಡಿಚಿ ಮುಂಭಾಗ ನೋಯುವುದು ಸಹಜ. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗುವಂತೆ ಸೀಟನ್ನು ಏರಿಸಿ, ತಿರುಪನ್ನು ಬಿಗಿದು, ನಿಧಾನವಾಗಿ ಹೊರಟರು. ನೋವು ಮನೆ ಸೇರುವಷ್ಟರಲ್ಲಿ ಬಹುಮಟ್ಟಿಗೆ ಇಳಿಯಿತು. ಮರದ ನೆರಳಿನಿಂದಲೇ ಅವರು ಮನೆಗೆ ಫೋನು ಮಾಡಿದ್ದರು.

"ಮಾತು ಕೊಟ್ಟೆ," ಎಂದರು.

"ಯಾವ ಮಾತು?"

"ನಿಲ್ಲಿಸುವ ಮಾತು."

ಕೊನೆಯ ವಾರದಲ್ಲಿ ಮಾಡಬೇಕಾದುದು ಅತಿ ಕಡಮೆ. ಅದೇ ಅತಿ ಕಷ್ಟ. ಕೈಬಿಟ್ಟುಹೋದ ಅಭ್ಯಾಸವನ್ನು ಆರು ದಿನಗಳಲ್ಲಿ ತುಂಬಿಕೊಳ್ಳುವ ಚಪಲ ಎಲ್ಲರಿಗೂ ಹುಟ್ಟುತ್ತದೆ. ಆದರೆ ಆ ವಾರದ ದುಡಿಮೆ ದಣಿವನ್ನಲ್ಲದೆ ಬಲವನ್ನು ಕೊಡದು. ಎರಡು ದಿನ ಅರ್ಧರ್ಧ ಗಂಟೆ ಕಾಲಾಡಿಸಿ, ಉಳಿದ ದಿನ ಬೇಗ ಮಲಗುವುದೇ ಅಭ್ಯಾಸ. ಮುನ್ನಾದಿನದ ರಾತ್ರಿ ಉದ್ವೇಗದಿಂದ ನಿದ್ದೆ ಬಾರದಿದ್ದರೂ ಹಿಂದಿನ ರಾತ್ರಿಗಳ ನಿದ್ದೆ ಕೈಹಿಡಿಯುತ್ತದೆ. ಸೈಕಲ್ ಷಾಪಿನಲ್ಲಿ ಬ್ರೇಕು, ಚೈನು, ಟೈರು ನೋಡಿಸಿಯಾಯಿತು. ಎರಡು ಟ್ಯೂಬು, ಪಂಚರಿನ ಸಾಮಾನು, ಪಂಪು, ಮುಂದೊಂದು ಹಿಂದೊಂದು ದೀಪ, ಬೆಳಕಿಗೆ ಹೊಳೆಯುವ ಅಂಗಿ, ಹೆಲ್ಮೆಟ್ಟು, ಎಲ್ಲವೂ ಸಿದ್ಧವಾದವು. ಬೆಳಗ್ಗೆ ಆರಕ್ಕೆ ಹೊರಟವನಿಗೆ ಗಡುವು ಸಂಜೆ ಏಳೂವರೆಗೆ, ಕತ್ತಲಾಗುವ ಸಂಭವವುಂಟು. ಗೃಹಸ್ಥರು ಹಜಾರದಲ್ಲಿ ಹಳೆಯ ವೃತ್ತಪತ್ರಿಕೆ ಹಾಸಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಹಿಂದಿನ ಚಕ್ರದ ಟ್ಯೂಬನ್ನು ಬದಲಿಸಿದರು. ಮೊದಲ ಸಲ ನಲವತ್ತು ನಿಮಿಷ, ಮೂರನೆಯ ಸಲ ಹದಿನೈದು. ತೆರೋನನಿಗೆ ಒದಗಿದ್ದ ಆ ಅನುಕೂಲ ಈಗ ಪ್ರತಿಯೊಂದು ಸೈಕಲ್ಲಿನಲ್ಲಿಯೂ ಉಂಟು. ಅದನ್ನು ಕೈಗೆ ರೂಢಿಸಿಕೊಳ್ಳಲು ಒಂದು ಸಂಜೆ ಸಾಕು.

ಶನಿವಾರ ರಾತ್ರಿ ಮೈದುನ ಬಂದಿಳಿದ. ಊಟವಾದ ಮೇಲೆ ಹೆಂಡತಿ ಒಂದು ಚೀಟಿಯಲ್ಲಿ ಮೂರು ಸಾಲು ಬರೆದು ತಂದರು. ಎದೆಯಲ್ಲಿ ನೋವು ಅಥವಾ ಬಿಗಿತ, ತಲೆ ಸುತ್ತು, ಮಾತು ತೊದಲುವುದು ಕಂಡರೆ ಆ ಕ್ಷಣವೇ ನಿಲ್ಲಿಸಿ ನೆರವು ಕೇಳುವುದು. ಬಿಸಿಲಿನಲ್ಲಿ ಬೆವರು ನಿಂತು ಚಳಿಯೆನಿಸಿದರೆ ನೆರಳು ಸೇರುವುದು, ಮುಂದುವರಿಯದಿರುವುದು. ಸೀಟು ಸರಿಯಾಗಿದ್ದೂ ಮಂಡಿಯ ನೋವು ಹೆಚ್ಚುತ್ತ ಹೋದರೆ ಮುಂದಿನ ಠಾಣೆಯಲ್ಲಿ ಬಿಟ್ಟುಬಿಡುವುದು.

"ಅಕ್ಕ, ಭಾವ ಬಿಟ್ಟುಬಂದರೆ ನಷ್ಟವೇನಿಲ್ಲ," ಎಂದ ತಮ್ಮ. "ಇಂಥ 200 ಮತ್ತೆ ಮತ್ತೆ ಬರುತ್ತಲೇ ಇರುತ್ತದೆ."

"ನನಗೆ ಹೇಳಬೇಡ, ಅವರಿಗೆ ಹೇಳು," ಎಂದರು ಅಕ್ಕ.

ಗೃಹಸ್ಥರು ಚೀಟಿಯನ್ನು ಎರಡು ಸಲ ಓದಿ, ಬ್ಯಾಂಕಿನ ಕಾಗದಕ್ಕೆ ಹಾಕುವಂತೆ ಕೆಳಗೆ ಪೂರ್ತಿ ರುಜು ಹಾಕಿದರು. ಬೆಳಗಿನ ನಾಲ್ಕೂವರೆಗೆ ಅಡಿಗೆಮನೆಯ ದೀಪ ಹೊತ್ತಿತು. ವೃದ್ಧ ತಾಯಿ ಎದ್ದು ಬಂದು, ಮಗನ ಹಣೆಗೆ ಕುಂಕುಮವಿಟ್ಟು, "ದುರ್ಗ ಎಲ್ಲಿಗೂ ಓಡಿಹೋಗುವುದಿಲ್ಲವೋ, ನಿಧಾನವಾಗಿ ಹೋಗು," ಎಂದರು. ದಾರಿ ದುರ್ಗದ ಕಡೆಯದಲ್ಲವೆಂದು ಯಾರೂ ತಿದ್ದಲಿಲ್ಲ. ಇಬ್ಬರೂ ಬೀದಿಯ ತಿರುವನ್ನು ದಾಟುವವರೆಗೆ ಹಿಂದಿನ ಕೆಂಪು ದೀಪಗಳೆರಡು ಕಾಣುತ್ತಿದ್ದವು.